ತಾಳೆ ನೋಡುವವರು

2024ರ ಮಾರ್ಚ್ 14ರ ರಾತ್ರಿ ಸುಪ್ರೀಂ ಕೋರ್ಟಿನ ಆದೇಶದಂತೆ ಚುನಾವಣಾ ಆಯೋಗ ಎರಡು ಪಟ್ಟಿಗಳನ್ನು ಜನರ ಮುಂದಿಟ್ಟಿತು. ಒಂದರಲ್ಲಿ ಪಕ್ಷಗಳಿಗೆ ಹೆಸರು ಹೇಳದೆ ದೇಣಿಗೆ ಕೊಡಲು ಬಳಸುತ್ತಿದ್ದ ಚುನಾವಣಾ ಬಾಂಡ್ ಕೊಂಡವರು, ಇನ್ನೊಂದರಲ್ಲಿ ಅವನ್ನು ನಗದು ಮಾಡಿಕೊಂಡ ಪಕ್ಷಗಳು. ಕೊಂಡವರ ಪೈಕಿ ಎರಡನೇ ಸ್ಥಾನದಲ್ಲಿದ್ದದ್ದು ಹೈದರಾಬಾದಿನ ಮೇಘಾ ಇಂಜಿನಿಯರಿಂಗ್: 966 ಕೋಟಿ ರೂಪಾಯಿ. ಆದರೆ ಯಾರ ದುಡ್ಡು ಯಾರ ಕೈ ಸೇರಿತು? ಎರಡೂ ಪಟ್ಟಿಗಳು ಅದನ್ನು ಹೇಳಲಿಲ್ಲ. ಸುಪ್ರೀಂ ಕೋರ್ಟ್ ಮತ್ತೆ ಪಟ್ಟು ಹಿಡಿದ ಮೇಲೆ ಮಾರ್ಚ್ 21ರಂದು ಪ್ರತಿ ಬಾಂಡಿನ ಸಂಖ್ಯೆ ಹೊರಬಂತು. ಸಂಖ್ಯೆಗೆ ಸಂಖ್ಯೆ ತಾಳೆ ಹಾಕುತ್ತ ಹೋದಾಗಲೇ ಕೊಟ್ಟವರೂ ಪಡೆದವರೂ ಒಂದೇ ಸಾಲಿನಲ್ಲಿ ಕಂಡರು.

ಈ ತಾಳೆ ನೋಡುವ ವಿದ್ಯೆಗೆ ಹೈದರಾಬಾದಿನಲ್ಲಿ ಹಳೆಯ ಬೇರಿದೆ. ಐಎಎಸ್ ಹುದ್ದೆ ಬಿಟ್ಟ ಜಯಪ್ರಕಾಶ ನಾರಾಯಣ ಅವರು 1996ರಲ್ಲಿ ಇಲ್ಲಿ ಲೋಕಸತ್ತಾ ಸಂಘಟನೆ ಕಟ್ಟಿದರು. 1999ರ ಆಂಧ್ರ ಚುನಾವಣೆಯ ಹೊತ್ತಿಗೆ ಅದು ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳ ಹೆಸರುಗಳನ್ನು ಬಹಿರಂಗಪಡಿಸಿತು. ಅಭ್ಯರ್ಥಿ ತನ್ನ ಮೇಲಿನ ಮೊಕದ್ದಮೆಗಳನ್ನು ತಾನೇ ಬರೆದುಕೊಡಬೇಕೆಂಬ ನಿಯಮ ಆಗಿನ್ನೂ ಇರಲಿಲ್ಲ. ಅದೇ ವರ್ಷ ಅಹಮದಾಬಾದ್ ಐಐಎಂ ಪ್ರಾಧ್ಯಾಪಕರು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆ ಹುಟ್ಟುಹಾಕಿ, ಅಭ್ಯರ್ಥಿಗಳ ಇಂಥ ವಿವರ ಬಹಿರಂಗವಾಗಬೇಕೆಂದು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂಗೆ ಬಂದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಮತದಾರನಿಗೆ ಈ ಮಾಹಿತಿ ತಿಳಿಯುವ ಹಕ್ಕಿದೆ ಎಂದಿತು. ಸಂಸತ್ತು ಕಾನೂನು ತಿದ್ದಿ ಆ ಹಕ್ಕನ್ನು ಮೊಟಕು ಮಾಡಲು ಹೊರಟಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಮತ್ತು ಎಡಿಆರ್ ಜೊತೆಗೆ ಲೋಕಸತ್ತಾ ಕೂಡ ಅರ್ಜಿ ಹಾಕಿತು. 2003ರ ಮಾರ್ಚ್ 13ರಂದು ಆ ತಿದ್ದುಪಡಿ ಬಿದ್ದುಹೋಯಿತು.

ಇಂದು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ ಆ ಹೋರಾಟದ ಫಲ. ಬಾಕಿ ಇರುವ ಮೊಕದ್ದಮೆ, ಆದ ಶಿಕ್ಷೆ, ಹೊಲ, ಮನೆ, ಚಿನ್ನ, ಸಾಲ, ಐದು ವರ್ಷದ ಆದಾಯ. ಹೆಂಡತಿ ಅಥವಾ ಗಂಡನ ಆಸ್ತಿ, ಅವಲಂಬಿತರ ಆಸ್ತಿ, ಎಲ್ಲವೂ ಅದರಲ್ಲಿ ಬರಬೇಕು. ಅಂಕಣ ಖಾಲಿ ಬಿಟ್ಟು, ಹೇಳಿದರೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಕೋರ್ಟ್ ಹೇಳಿತು.

ಆದರೆ ಪ್ರಕಟವಾದದ್ದೆಲ್ಲ ಓದಲು ಸಿಗುವುದಿಲ್ಲ. ನಿಜವಾದ ಕಸುಬು ಶುರುವಾಗುವುದೇ ಇಲ್ಲಿ. ಛಾಪಾ ಕಾಗದದ ಮೇಲೆ ಬರೆದದ್ದು, ಓರೆಯಾಗಿ ಸ್ಕ್ಯಾನ್ ಆದದ್ದು, ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದದ್ದು. ಪುಟ ಪುಟವನ್ನೂ ಕಣ್ಣಿಟ್ಟು ಓದಿ, ಸೊನ್ನೆ ಎಣಿಸಿ, ಲಕ್ಷವೋ ಕೋಟಿಯೋ ಎಂದು ಖಾತ್ರಿ ಮಾಡಿಕೊಂಡು ಕೋಷ್ಟಕಕ್ಕೆ ಏರಿಸಬೇಕು. ಐದು ವರ್ಷದ ಹಿಂದಿನ ಪ್ರಮಾಣಪತ್ರ ತೆಗೆದು ಪಕ್ಕದಲ್ಲಿಡಬೇಕು. ಆಸ್ತಿ ಎಷ್ಟು ಬೆಳೆಯಿತು, ಯಾವ ಮೊಕದ್ದಮೆ ಕಾಣೆಯಾಯಿತು ಎಂಬುದು ಆಗ ತಿಳಿಯುತ್ತದೆ. ಎಡಿಆರ್‌ನ ‘ಮೈನೇತಾ’ ಜಾಲತಾಣ ನಿಂತಿರುವುದು ಈ ಬೇಸರವರಿಯದ ದುಡಿಮೆಯ ಮೇಲೆ. ಇದಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ ಎಂಬುದು ನನ್ನ ಭಾವನೆ. ತೀರ್ಪು ಬರೆದವರ ಹೆಸರು ನಮಗೆ ಗೊತ್ತು, ಕೋಷ್ಟಕ ತುಂಬಿದವರದು ಗೊತ್ತಿಲ್ಲ.

ಹೈದರಾಬಾದಿನಲ್ಲಿ ಈಗ ಈ ಕೆಲಸವನ್ನು ವಿಸ್ತರಿಸಿರುವುದು ಮಾಹಿತಿ ಹಕ್ಕಿನ ಹೋರಾಟದಿಂದ ಬಂದ ರಾಕೇಶ್ ದುಬ್ಬುಡು ಕಟ್ಟಿದ ಜಾಲತಾಣ ‘ಫ್ಯಾಕ್ಟ್‌ಲಿ’. ಸರ್ಕಾರದ ಚದುರಿದ ಅಂಕಿಅಂಶಗಳನ್ನು ಯಾರು ಬೇಕಾದರೂ ಬಳಸುವಂತೆ ಹಸನು ಮಾಡಿಡುವ ‘ಡೇಟಾಫುಲ್’ ಕೂಡ ಅವರದೇ.

ಎಷ್ಟೇ ತಾಳೆ ನೋಡಿದರೂ ಕೈಗೆ ಸಿಗದ ಹಣವೂ ಇದೆ. ತೆಲಂಗಾಣವಾಗಲಿ ಕರ್ನಾಟಕವಾಗಲಿ, ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಅವರನ್ನು ನಿಲ್ಲಿಸಿದ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 20 ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರನ್ನು ತಿಳಿಸಲೇಬೇಕೆಂದಿಲ್ಲ.