ಕೈಗೆ ಗೊತ್ತಿರುವ ಕೆಲಸ, ಕೈಗೆ ಸಲ್ಲಬೇಕಾದ ಕೂಲಿ

1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್. ಈಗಲೂ ಅಲ್ಲಿನ ಸದಸ್ಯೆಯರು ಹಿಟ್ಟನ್ನು ಮನೆಗೊಯ್ದು, ಲಟ್ಟಿಸಿ ಒಣಗಿಸಿ ತಂದುಕೊಟ್ಟು ಕೂಲಿ ಪಡೆಯುತ್ತಾರೆ.

ಮಗುವಿಗಾಗಿ ಕೆಲಸ ಬಿಟ್ಟು, ಈಗ ಮತ್ತೆ ದುಡಿಯಬೇಕೆನ್ನುವ ತಾಯಂದಿರು ಗಮನಿಸಬೇಕಾದ್ದು ಇಷ್ಟು: ಅವರು ಹಿಡಿದದ್ದು ಗೊತ್ತಿದ್ದ ಕೆಲಸ, ಲಟ್ಟಿಸುವ ಕೈಗೂ ಅಲ್ಲಿ ಬೆಲೆಯಿದೆ.

ನಮಗೆ ಗೊತ್ತಿರುವುದೂ ಕಡಿಮೆಯೇನಲ್ಲ. ಸಾರಿನ ಪುಡಿ, ಚಟ್ನಿಪುಡಿ, ಹೋಳಿಗೆಗೆ ಊರು ಬಿಟ್ಟುಬಂದ ಕನ್ನಡದ ಮನೆಗಳೇ ಗಿರಾಕಿಗಳು. ಹಬ್ಬಕ್ಕೆ ವಾರ ಮೊದಲೇ ಆರ್ಡರ್ ಹಿಡಿದರೆ ಮಾಲು ಉಳಿಯದು. ತಿನಿಸು ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಲೇಬೇಕು. ಲೆಕ್ಕ ಬಲ್ಲವರು ಸಣ್ಣ ಅಂಗಡಿಗಳ ಲೆಕ್ಕ ಬರೆಯಬಹುದು; ಕನ್ನಡ ಮಾತಾಡಿದರೂ ಓದಲು ಬಾರದ ನಮ್ಮ ಮಕ್ಕಳಿಗೆ ಆನ್‌ಲೈನಿನಲ್ಲಿ ಅಕ್ಷರ ಕಲಿಸಬಹುದು.

ಬೆಲೆ ಕಟ್ಟುವಾಗ ಬೇಳೆ, ಮೆಣಸಿನಕಾಯಿ, ಗ್ಯಾಸಿನ ಖರ್ಚಷ್ಟನ್ನೇ ಹಿಡಿದು ನಿಮ್ಮ ಮೂರು ಗಂಟೆಯನ್ನು ಮರೆಯಬೇಡಿ. ‘ನಮ್ಮವರೇ ಅಲ್ವಾ’ ಎಂದು ಪುಕ್ಕಟೆ ಕೊಡುವುದು ಒಂದು ಸಲಕ್ಕೆ ಸಾಕು.

ಮನೆಯಲ್ಲೇ ಟೈಪಿಂಗ್ ಕೆಲಸ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಎನ್ನುವವರಿಂದ ಮಾತ್ರ ದೂರವಿರಿ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು.