ನಲವತ್ತು ಸುತ್ತಿಗೆ ಒಂದು ಲಕ್ಷ ಕೋಟಿ

2020ರ ಮಾರ್ಚ್ ಕೊನೆಯ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೊರೋನಾ ಸೋಂಕು ದೃಢಪಟ್ಟಿತು. ಮುಂದಿನ ವಾರಗಳಲ್ಲಿ ಆ ಒಂದು ಗುಂಪಿನ ಸೋಂಕಿತರ ಸಂಖ್ಯೆ ಎಪ್ಪತ್ತು ದಾಟಿತು, ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್‌ಗೆ ಹೋದರು. ಸಂಜೆಯ ಬುಲೆಟಿನ್‌ನ ಅಂಕಿಗಳು ಆಗ ಎಲ್ಲರಿಗೂ ಬಾಯಿಪಾಠ. ಆದರೆ ಒಂದೊಂದು ‘ಪಾಸಿಟಿವ್’ ಹಿಂದೆಯೂ ನಡೆದಿದ್ದ ಗುಣಾಕಾರ ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ. ಎದೆ ನಡುಗಿಸುವಂಥ ಅಂಕಿ ಇದ್ದದ್ದು ಅಲ್ಲಿ.

ಮೂಗು, ಗಂಟಲಿನಿಂದ ತೆಗೆದ ಮಾದರಿ ಪ್ರಯೋಗಾಲಯದಲ್ಲಿ ಸೇರುವುದು ಥರ್ಮೋಸೈಕ್ಲರ್ ಎಂಬ ಯಂತ್ರವನ್ನು. ಮೊದಲು ವೈರಸ್ಸಿನ ಆರ್‌ಎನ್‌ಎ ಡಿಎನ್‌ಎ ಆಗುತ್ತದೆ. ಆಮೇಲೆ ಯಂತ್ರ ಅದನ್ನು 95 ಡಿಗ್ರಿಗೆ ಕಾಯಿಸುತ್ತದೆ, ಎಳೆಗಳು ಬಿಡಿಸಿಕೊಳ್ಳುತ್ತವೆ. 60ರ ಆಸುಪಾಸಿಗೆ ಇಳಿಸುತ್ತದೆ, ಒಂದೊಂದು ಎಳೆಗೂ ಜೋಡಿ ಹುಟ್ಟುತ್ತದೆ. ಒಂದಿದ್ದದ್ದು ಎರಡಾಯಿತು. ಇಂಥ 40 ಸುತ್ತು ಮುಗಿದರೆ ಕಾಗದದ ಲೆಕ್ಕದಲ್ಲಿ ಒಂದೇ ಒಂದು ತುಣುಕು 1,09,951 ಕೋಟಿ 16 ಲಕ್ಷ 27 ಸಾವಿರದ 776 ಆಗುತ್ತದೆ.

ಈ ಅಂಕಿ ಕಣ್ಣಿಗೆ ಕಟ್ಟಬೇಕಾದರೆ ತಿ. ನರಸೀಪುರದ ಗದ್ದೆಯಿಂದ ಒಂದು ಭತ್ತದ ಕಾಳು ತನ್ನಿ. ಸಾವಿರ ಕಾಳಿಗೆ 20 ಗ್ರಾಂ ಎಂದಿಟ್ಟುಕೊಂಡು ದುಪ್ಪಟ್ಟು ಮಾಡುತ್ತಾ ಹೋಗಿ. ಹತ್ತನೇ ಸುತ್ತಿಗೆ ಬೊಗಸೆಯೂ ತುಂಬುವುದಿಲ್ಲ, ಬರೀ 20 ಗ್ರಾಂ. ಇಪ್ಪತ್ತಕ್ಕೆ 21 ಕೆಜಿ. ಮೂವತ್ತಕ್ಕೆ 21 ಟನ್, ಅಂದರೆ ಹತ್ತು ಟನ್ನಿನ ಎರಡು ಲಾರಿ. ನಲವತ್ತಕ್ಕೆ 2,200 ಲಾರಿ! ಅದರಲ್ಲೂ 1,100 ಲಾರಿ ಬಂದದ್ದು ಕೊನೆಯ ಒಂದೇ ಸುತ್ತಿನಲ್ಲಿ.

ಅಷ್ಟೇ ಸಂಖ್ಯೆಯ ಡಿಎನ್‌ಎ ತುಣುಕುಗಳು, ತಲಾ ನೂರು ಅಕ್ಷರ ಉದ್ದದವು, ಎಷ್ಟು ತೂಗುತ್ತವೆ? ಸುಮಾರು 0.12 ಮೈಕ್ರೋಗ್ರಾಂ. ಆ ಒಂದು ಭತ್ತದ ಕಾಳನ್ನು 1,70,000 ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು. ಒಂದು ಲಕ್ಷ ಕೋಟಿ ಮೀರಿದ ಪ್ರತಿಗಳು 25 ಮೈಕ್ರೋಲೀಟರ್‌ನ ಹನಿಯಲ್ಲಿ ಕುಳಿತಿರುತ್ತವೆ.

60ರಿಂದ 95ಕ್ಕೆ 35 ಡಿಗ್ರಿ ಹತ್ತಬೇಕು, ಅಷ್ಟೇ ಇಳಿಯಬೇಕು. 40 ಸುತ್ತಿಗೆ ಒಟ್ಟು 2,800 ಡಿಗ್ರಿಯ ಪ್ರಯಾಣ. ಸೆಕೆಂಡಿಗೆ ಎರಡೂವರೆ ಡಿಗ್ರಿ ಬದಲಿಸುವ ಯಂತ್ರಕ್ಕೆ ಹತ್ತಿ ಇಳಿಯುವುದಕ್ಕೇ ಹತ್ತಿರ ಹತ್ತಿರ 19 ನಿಮಿಷ ಬೇಕು. ಈ ಬೇಗೆಯನ್ನು ತಡೆದುಕೊಂಡು ಪ್ರತಿ ತೆಗೆಯುವ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಿಂದ ಬಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ. ಅದು ಬರುವ ಮೊದಲು ಪ್ರತಿ ಸುತ್ತಿಗೂ ಹೊಸ ಕಿಣ್ವ ಹಾಕಬೇಕಿತ್ತು. ಪಿಸಿಆರ್ ಎಂಬ ಈ ದುಪ್ಪಟ್ಟು ಮಾಡುವ ವಿಧಾನವನ್ನು 1983ರಲ್ಲಿ ಕಂಡುಕೊಂಡ ಕ್ಯಾರಿ ಮಲ್ಲಿಸ್‌ಗೆ 1993ರ ನೊಬೆಲ್ ಬಂತು.

ಒಂದು ಸುತ್ತಿನಲ್ಲಿ ನೂರು ಎಳೆಗಳ ಪೈಕಿ ತೊಂಬತ್ತಕ್ಕೆ ಮಾತ್ರ ಪ್ರತಿ ಹುಟ್ಟಿತು ಎನ್ನಿ. ಎರಡರ ಜಾಗದಲ್ಲಿ 1.9. ಹತ್ತು ಪರ್ಸೆಂಟ್ ತಾನೇ ಎನಿಸಬಹುದು. 40 ಸುತ್ತಿಗೆ ಗುಣಿಸಿ ನೋಡಿ: ಸುಮಾರು 14,100 ಕೋಟಿ. 2,200 ಲಾರಿಗಳಲ್ಲಿ ಉಳಿದದ್ದು 280. ಉಷ್ಣತೆ ಚೂರು ಹೆಚ್ಚು ಕಡಿಮೆಯಾದರೆ, ಹನಿ ಪೂರ್ತಿ ಕಾಯುವ ಮೊದಲೇ ಯಂತ್ರ ಮುಂದೆ ಹೋದರೆ, ಆಗುವ ನಷ್ಟ ಈ ಅಳತೆಯದು.

ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಬಹುಕಾಲ ಯಂತ್ರಕ್ಕೆ ಕೊಡುತ್ತಿದ್ದದ್ದು ಒಂದು ಗಟ್ಟಿ ಪಟ್ಟಿ: ಇಷ್ಟು ಡಿಗ್ರಿ, ಇಷ್ಟು ಸೆಕೆಂಡು, ಇಷ್ಟು ಸುತ್ತು. ಹನಿ ಹತ್ತು ಮೈಕ್ರೋಲೀಟರ್ ಇರಲಿ, ಐವತ್ತಿರಲಿ, ಅದೇ ಪಟ್ಟಿ. ಈಗಿನ ತಂತ್ರಾಂಶ ಹಾಗೆ ಸುಮ್ಮನಿರುವುದಿಲ್ಲ. ಓಪನ್‌ಟ್ರಾನ್ಸ್‌ನಂಥ ರೋಬಾಟ್‌ಗೆ ಪೈಥಾನ್‌ನಲ್ಲಿ ಆಜ್ಞೆ ಬರೆಯುವಾಗ ಹನಿ ಎಷ್ಟು ದೊಡ್ಡದು ಎಂದೂ ಹೇಳಬಹುದು. ಪ್ರತಿಗಳು ಹೆಚ್ಚಿದಂತೆ ಹನಿಯ ಹೊಳಪು ಹೆಚ್ಚುವುದನ್ನು ಪ್ರತಿ ಸುತ್ತಿನ ಕೊನೆಗೆ ಅಳೆಯುವ ಯಂತ್ರವಾದರೆ, ಇಷ್ಟು ಸುತ್ತು ಸಾಕೋ ಇನ್ನೂ ಬೇಕೋ ಎಂಬುದನ್ನು ತಂತ್ರಾಂಶವೇ ತೀರ್ಮಾನಿಸಬಲ್ಲದು. ಒಂದು ಪ್ಲೇಟಿಗೆ 96 ಗುಳಿ. ಗುಳಿಗೊಂದು, ಸುತ್ತಿಗೊಂದು ಎಂದರೆ 3,840 ತೀರ್ಮಾನ, ಸುಮಾರು ಒಂದೂವರೆ ಗಂಟೆಯಲ್ಲಿ. ಸಾಮಾನ್ಯ ಯಂತ್ರದಲ್ಲಿ ಎಲ್ಲ ಗುಳಿಗೂ ಒಂದೇ ಬ್ಲಾಕ್, ಹಾಗಾಗಿ ಎಲ್ಲರಿಗಿಂತ ನಿಧಾನದ ಮಾದರಿಗೆ ಉಳಿದವೆಲ್ಲ ಕಾಯಬೇಕು. ಪ್ರತಿ ಗುಳಿಗೂ ಬೇರೆ ಉಷ್ಣತೆ ಕೊಟ್ಟು, ಸಾಕಾದದ್ದನ್ನು ಅಲ್ಲೇ ನಿಲ್ಲಿಸುವ ಯಂತ್ರಗಳೂ ಈಗ ಬಂದಿವೆ. ಜೀನೋಮ್ ಓದಲು ಮಾದರಿ ಸಿದ್ಧಪಡಿಸುವವರಿಗೆ ಇದು ದೊಡ್ಡ ಉಪಕಾರ. ಸುತ್ತು ಹೆಚ್ಚಾದರೆ ಒಂದೇ ತುಣುಕಿನ ಪ್ರತಿಗಳೇ ತುಂಬಿಕೊಳ್ಳುತ್ತವೆ, ಎರಡು ಬೇರೆ ತುಣುಕುಗಳು ಅಂಟಿಕೊಂಡು ಇಲ್ಲದ ಜೀನ್ ಇದ್ದಂತೆಯೂ ತೋರುತ್ತದೆ.

ರೋಗಪತ್ತೆಯಲ್ಲಿ ಮಾತ್ರ ಈ ಸ್ವಾತಂತ್ರ್ಯವನ್ನು ತಂತ್ರಾಂಶಕ್ಕೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಅಲ್ಲಿ ಸುತ್ತಿನ ಸಂಖ್ಯೆಯೇ ಉತ್ತರ. ಸಿಟಿ ವ್ಯಾಲ್ಯೂ ಎಂದು ನಾವೆಲ್ಲ ಕೇಳಿದ್ದು ಅದನ್ನೇ: ಎಷ್ಟನೇ ಸುತ್ತಿನಲ್ಲಿ ವೈರಸ್ ಕಾಣಿಸಿತು ಎಂಬ ಲೆಕ್ಕ. ನಮ್ಮಲ್ಲಿ ಪಾಸಿಟಿವ್‌ಗೆ 35ರ ಮಿತಿ ಇತ್ತು. 2021ರಲ್ಲಿ ಅದನ್ನು 24ಕ್ಕೆ ಇಳಿಸಬಹುದೇ ಎಂದು ಮಹಾರಾಷ್ಟ್ರ ಕೇಳಿದಾಗ ಐಸಿಎಂಆರ್ ಒಪ್ಪಲಿಲ್ಲ. ಹನ್ನೊಂದು ಸುತ್ತಿನ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಆದರೆ ಹನ್ನೊಂದು ಸಲ ದುಪ್ಪಟ್ಟಾದರೆ 2,048 ಪಟ್ಟು. 24ಕ್ಕೇ ನಿಲ್ಲಿಸಿದ್ದರೆ, ಆ ಮಟ್ಟಕ್ಕಿಂತ ಸಾವಿರ ಪಾಲು ಕಡಿಮೆ ವೈರಸ್ ಹೊತ್ತವರೂ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದರು.

ನಂಜನಗೂಡಿಗೆ ಈ ಯಂತ್ರದಿಂದ ಇನ್ನೊಂದು ಕೆಲಸ ಆಗಬೇಕಿದೆ, ನನ್ನ ಮನಸ್ಸು ಹೆಚ್ಚು ತುಡಿಯುವುದು ಅದಕ್ಕೆ. ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆಯನ್ನು ಬಹುಪಾಲು ಬರಿದು ಮಾಡಿದ್ದು ಪನಾಮಾ ಸೊರಗು ರೋಗ, ಮಣ್ಣಲ್ಲಿ ವರ್ಷಗಟ್ಟಲೆ ಅಡಗಿ ಕೂರುವ ಫ್ಯುಸೇರಿಯಂ ಶಿಲೀಂಧ್ರದ ಕಾಟ. ಕಂದು ನೆಡುವ ಮೊದಲೇ ಆ ಶಿಲೀಂಧ್ರವನ್ನು ಮಣ್ಣಿನಲ್ಲಿ ಪಿಸಿಆರ್‌ನಿಂದ ಹುಡುಕಬಹುದು. ತೊಡಕೆಂದರೆ ಮಣ್ಣಿನ ಹ್ಯೂಮಿಕ್ ಆಮ್ಲ ಕಿಣ್ವದ ಕೈ ಕಟ್ಟಿಹಾಕುತ್ತದೆ, 1.9 ಕೂಡ ಸಿಗದಂತೆ ಮಾಡುತ್ತದೆ. ಶಿಲೀಂಧ್ರ ಇದ್ದೂ ಇಲ್ಲ ಎಂಬ ಉತ್ತರ ಬರಬಹುದು. ಇದಕ್ಕೂ ಲೆಕ್ಕದಲ್ಲೇ ಪರಿಹಾರವಿದೆ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದರೆ ಫಲಿತಾಂಶ ಸುಮಾರು 3.3 ಸುತ್ತು ತಡವಾಗಿ ಕಾಣಬೇಕು. ಅದಕ್ಕಿಂತ ಬೇಗ ಕಂಡರೆ, ತೆಳುಮಾಡದ ಮಾದರಿಗೆ ಮಣ್ಣು ಅಡ್ಡಿಯಾಗಿತ್ತು ಎಂದು ತಿಳಿಯುತ್ತದೆ. ಆಗ ತಂತ್ರಾಂಶ ಯಾರನ್ನೂ ಕಾಯದೆ ರೋಬಾಟ್‌ನಿಂದ ಇನ್ನಷ್ಟು ತೆಳುಮಾಡಿಸಿ, ಅದೇ ದಿನ ಮತ್ತೊಮ್ಮೆ 40 ಸುತ್ತು ಓಡಿಸಬಲ್ಲದು.