ಹೆದೆಯ ಮೇಲೆ ಎಷ್ಟು ಬೆರಳು?

ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಕಥೆ ಸಾಲುಸಾಲಾಗಿ ಕೆತ್ತನೆಗೊಂಡಿದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಶಾಲಾ ಮಕ್ಕಳು ಪ್ರವಾಸದಲ್ಲಿ ಅದನ್ನು ನೋಡಿಯೇ ಇರುತ್ತಾರೆ. ಅಲ್ಲಿ ಬಿಲ್ಲುಗಾರರಿಗೆ ಕೊರತೆಯಿಲ್ಲ. ಬಿಲ್ಲು ಹಿಡಿದ ಎಡಗೈ ಎಲ್ಲರ ಗಮನ ಸೆಳೆಯುತ್ತದೆ. ಹೆದೆಯನ್ನು ಎಳೆಯುವ ಬಲಗೈಯನ್ನು ಗಮನಿಸುವವರು ಕಡಿಮೆ. ಹೆದೆಯನ್ನು ಯಾವ ಬೆರಳಿನಿಂದ ಎಳೆಯಬೇಕು? ಎಷ್ಟು ಬೆರಳು ಬೇಕು?

ಈ ಪ್ರಶ್ನೆಗೂ ಏಕಲವ್ಯನ ಕಥೆಗೂ ಹತ್ತಿರದ ಸಂಬಂಧವಿದೆ. ದ್ರೋಣರು ಗುರುದಕ್ಷಿಣೆಯಾಗಿ ಕೇಳಿದ್ದು ಬಲಗೈ ಹೆಬ್ಬೆರಳನ್ನು. ಇಂದಿನ ಸ್ಪರ್ಧೆಗಳಲ್ಲಿ ಬಿಲ್ಲುಗಾರರು ಹೆಬ್ಬೆರಳನ್ನು ಬಳಸದೆ ಮೂರು ಬೆರಳುಗಳಿಂದ ಹೆದೆ ಎಳೆಯುತ್ತಾರೆ; ಇದು ಏಕಲವ್ಯನಿಗೆ ಸಲ್ಲಿಸುವ ಗೌರವ ಎಂಬ ಮಾತು ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಭಾವನೆ ಒಳ್ಳೆಯದೇ. ಆದರೆ ಕಾರಣ ಅದಲ್ಲ. ಬೆರಳುಗಳ ಆಯ್ಕೆಯ ಹಿಂದೆ ಇರುವುದು ಬಿಲ್ಲಿನ ಉದ್ದ, ಹೆದೆಯ ಕೋನ ಹಾಗೂ ಚರ್ಮದ ಮೇಲೆ ಬೀಳುವ ಒತ್ತಡ. ಇವು ಪ್ರೌಢಶಾಲೆಯ ಭೌತಶಾಸ್ತ್ರಕ್ಕೆ ಎಟಕುವ ವಿಷಯಗಳೇ.

ಹಿಡಿತದ ಬಗೆಗಳು

ಅಮೆರಿಕದ ಪ್ರಾಣಿವಿಜ್ಞಾನಿ ಎಡ್ವರ್ಡ್ ಮೋರ್ಸ್ ತನ್ನ ಜಪಾನಿ ಸ್ನೇಹಿತನೊಡನೆ ಬಿಲ್ಲುಗಾರಿಕೆ ಮಾಡುವಾಗ ಇಬ್ಬರೂ ಹೆದೆ ಹಿಡಿಯುವ ರೀತಿ ಬೇರೆ ಬೇರೆ ಎಂಬುದನ್ನು ಕಂಡ. ಕುತೂಹಲದಿಂದ ಹಲವು ನಾಡುಗಳ ಪದ್ಧತಿಗಳನ್ನು ಹೋಲಿಸಿ, 1885ರಲ್ಲಿ ಅವನ್ನು ಐದು ಬಗೆಗಳಾಗಿ ವಿಂಗಡಿಸಿದ.

ಮೊದಲನೆಯದು ಚಿವುಟು ಹಿಡಿತ. ಬಾಣದ ಬುಡವನ್ನು ಹೆಬ್ಬೆರಳು ಮತ್ತು ಮಡಿಸಿದ ತೋರುಬೆರಳಿನ ನಡುವೆ ಒತ್ತಿ ಹಿಡಿದು ಎಳೆಯುವುದು. ಆಟದ ಬಿಲ್ಲು ಕೊಟ್ಟರೆ ಮಕ್ಕಳು ತಾವಾಗಿಯೇ ಹೀಗೆ ಹಿಡಿಯುತ್ತಾರೆ. ಎರಡನೆಯ ಮತ್ತು ಮೂರನೆಯ ಬಗೆಗಳಲ್ಲಿ ಉಳಿದ ಬೆರಳುಗಳ ತುದಿಯೂ ಹೆದೆಯ ಮೇಲೆ ಕುಳಿತು ನೆರವಾಗುತ್ತದೆ. ನಾಲ್ಕನೆಯದು ಮೆಡಿಟರೇನಿಯನ್ ಹಿಡಿತ: ತೋರುಬೆರಳು ಬಾಣದ ಮೇಲೆ, ನಡುಬೆರಳು ಮತ್ತು ಉಂಗುರ ಬೆರಳು ಬಾಣದ ಕೆಳಗೆ, ಮೂರೂ ಕೊಕ್ಕೆಯಂತೆ ಹೆದೆಯನ್ನು ಎಳೆಯುತ್ತವೆ. ಹೆಬ್ಬೆರಳಿಗೆ ಕೆಲಸವಿಲ್ಲ. ಐದನೆಯದು ಮಂಗೋಲಿಯನ್ ಹಿಡಿತ: ಹೆಬ್ಬೆರಳೊಂದೇ ಕೊಕ್ಕೆ, ಅದರ ಉಗುರಿನ ಮೇಲೆ ತೋರುಬೆರಳು ಬೀಗ. ಇವಲ್ಲದೆ ಮೂರು ಬೆರಳುಗಳನ್ನೂ ಬಾಣದ ಕೆಳಗಿಡುವ ಪದ್ಧತಿಯೂ ಇಂದು ರೂಢಿಯಲ್ಲಿದೆ.

ಚಿವುಟು ಹಿಡಿತದ ಮಿತಿ ಘರ್ಷಣೆ. ಬೆರಳುಗಳು 80 ನ್ಯೂಟನ್ ಬಲದಿಂದ ಒತ್ತುತ್ತವೆ, ಘರ್ಷಣಾಂಕ 0.5 ಎಂದುಕೊಳ್ಳೋಣ. ಎರಡೂ ಬದಿಯ ಘರ್ಷಣೆ ಸೇರಿದರೆ 2 × 0.5 × 80 = 80 ನ್ಯೂಟನ್. ಅಂದರೆ ಸುಮಾರು 8 ಕಿಲೋಗ್ರಾಂ ತೂಕದಷ್ಟು ಎಳೆತ. ಅದಕ್ಕಿಂತ ಗಟ್ಟಿಯಾದ ಬಿಲ್ಲಿನಲ್ಲಿ ಬಾಣ ಬೆರಳುಗಳಿಂದ ಜಾರಿಹೋಗುತ್ತದೆ. ಆದ್ದರಿಂದ ಗಟ್ಟಿ ಬಿಲ್ಲಿಗೆ ಚಿವುಟುವುದು ಸಾಲದು, ಕೊಕ್ಕೆ ಹಾಕಲೇಬೇಕು. ಆ ಕೊಕ್ಕೆ ಮೂರು ಬೆರಳಿನದೋ, ಹೆಬ್ಬೆರಳಿನದೋ?

ಹೆದೆಯ ಕೋನ ಹೇಳುವುದೇನು?

ಎಳೆದು ಹಿಡಿದ ಹೆದೆ ಬೆರಳುಗಳ ಬಳಿ ಒಂದು ಕೋನವನ್ನು ಮಾಡುತ್ತದೆ. ಎಳೆತದ ದೂರ ಒಂದೇ ಆಗಿದ್ದರೆ ಉದ್ದ ಬಿಲ್ಲಿನಲ್ಲಿ ಈ ಕೋನ ಅಗಲವಾಗಿರುತ್ತದೆ, ಗಿಡ್ಡ ಬಿಲ್ಲಿನಲ್ಲಿ ಕಿರಿದಾಗಿರುತ್ತದೆ. ಕೋನ 120 ಡಿಗ್ರಿ ಇದ್ದರೆ ಹೆದೆ ತನ್ನ ನೇರ ದಾರಿಯಿಂದ 60 ಡಿಗ್ರಿ ತಿರುಗಿದೆ ಎಂದರ್ಥ. ಕೋನ 90 ಡಿಗ್ರಿ ಇದ್ದರೆ ತಿರುವೂ 90 ಡಿಗ್ರಿ. ಇಲ್ಲಿ ಅನ್ವಯಿಸುವ ಸೂತ್ರ ಸರಳ:

ಎಳೆಯುವ ಬಲ = 2 × ಹೆದೆಯ ಬಿಗಿತ × ಸೈನ್ (ತಿರುವಿನ ಅರ್ಧ)

ಎಳೆಯುವ ಬಲ 150 ನ್ಯೂಟನ್, ಅಂದರೆ ಸುಮಾರು 15 ಕಿಲೋಗ್ರಾಂ ತೂಕದಷ್ಟು ಎನ್ನೋಣ. ಉದ್ದ ಬಿಲ್ಲಿನಲ್ಲಿ ತಿರುವು 60 ಡಿಗ್ರಿ; ಸೈನ್ 30 ಡಿಗ್ರಿ ಅರ್ಧ; ಆದ್ದರಿಂದ ಹೆದೆಯ ಬಿಗಿತವೂ 150 ನ್ಯೂಟನ್. ಮೂರು ಬೆರಳುಗಳು ಈ ತಿರುವನ್ನು ತಲಾ 20 ಡಿಗ್ರಿಯಂತೆ ಹಂಚಿಕೊಂಡರೆ, ಅದೇ ಸೂತ್ರದಂತೆ ಪ್ರತಿ ಬೆರಳಿನ ಮೇಲೆ ಬೀಳುವ ಬಲ ಸುಮಾರು 52 ನ್ಯೂಟನ್. ನಡುಬೆರಳಿನ ಮೇಲಿನ ಬಲ ನೇರವಾಗಿ ಬಿಲ್ಲಿನ ಕಡೆಗಿದೆ. ಮೇಲಿನ ಮತ್ತು ಕೆಳಗಿನ ಬೆರಳುಗಳ ಮೇಲಿನ ಬಲವಾದರೋ 20 ಡಿಗ್ರಿಯಷ್ಟು ಒಳಕ್ಕೆ ವಾಲಿರುತ್ತದೆ. ಹೀಗಾಗಿ ಅವು ನಡುಬೆರಳನ್ನು 52 × ಸೈನ್ 20 ಡಿಗ್ರಿ, ಅಂದರೆ ಸುಮಾರು 18 ನ್ಯೂಟನ್ ಬಲದಿಂದ ಅಮುಕುತ್ತವೆ.

ಗಿಡ್ಡ ಬಿಲ್ಲಿನಲ್ಲಿ ಪ್ರತಿ ಬೆರಳಿನ ಪಾಲಿನ ತಿರುವು 30 ಡಿಗ್ರಿ. ಲೆಕ್ಕ ಮಾಡಿದರೆ ಹೆದೆಯ ಬಿಗಿತ 106 ನ್ಯೂಟನ್, ಪ್ರತಿ ಬೆರಳಿನ ಮೇಲೆ 55 ನ್ಯೂಟನ್, ಒಳಕ್ಕೆ ಅಮುಕುವ ಬಲ 27 ನ್ಯೂಟನ್. ಬೆರಳು ಹೊರುವ ಹೊರೆ ಹೆಚ್ಚುಕಡಿಮೆ ಅಷ್ಟೇ ಇದೆ. ಅಮುಕುವ ಬಲ ಮಾತ್ರ ಒಂದೂವರೆ ಪಟ್ಟಾಯಿತು! ಮೆಡಿಟರೇನಿಯನ್ ಹಿಡಿತದಲ್ಲಿ ಬಾಣದ ಬುಡ ಸಿಕ್ಕಿಬೀಳುವುದು ತೋರುಬೆರಳು, ನಡುಬೆರಳುಗಳ ನಡುವೆಯೇ. ಬಾಣ ಅಲುಗುತ್ತದೆ, ಬೆರಳು ನೋಯುತ್ತದೆ, ಬಿಡುವಾಗ ಗುರಿ ತಪ್ಪುತ್ತದೆ. ಬಾಣದ ಮೇಲೆ ಬೆರಳೇ ಇಲ್ಲದಂತೆ ಮೂರನ್ನೂ ಕೆಳಗಿಟ್ಟರೆ ಬಾಣದ ಮೇಲಿನ ಈ ಒತ್ತು ತಪ್ಪುತ್ತದೆ. ಹೆಬ್ಬೆರಳಿನ ಹಿಡಿತದಲ್ಲಿ ಹೆದೆ ತಿರುಗುವುದು ಒಂದೇ ಬೆರಳಿನ ಅಗಲದಲ್ಲಿ. ಆದ್ದರಿಂದ ಕೋನ ಎಷ್ಟು ಕಿರಿದಾದರೂ ಬೆರಳುಗಳು ಒಂದನ್ನೊಂದು ಅಮುಕುವ ಪ್ರಶ್ನೆಯೇ ಏಳುವುದಿಲ್ಲ.

ಇದರಿಂದ ಒಂದು ನಿಯಮ ಹೊರಡುತ್ತದೆ. ಉದ್ದ ಬಿಲ್ಲಿಗೆ ಮೂರು ಬೆರಳು, ಗಿಡ್ಡ ಬಿಲ್ಲಿಗೆ ಹೆಬ್ಬೆರಳು. ಯೂರೋಪಿನ ಉದ್ದ ಬಿಲ್ಲಿನ ಪರಂಪರೆಯಲ್ಲಿ ಬೆರಳ ಹಿಡಿತ, ಮಧ್ಯ ಏಷ್ಯಾದ ಸವಾರರ ಗಿಡ್ಡ ಬಿಲ್ಲಿನಲ್ಲಿ ಹೆಬ್ಬೆರಳ ಹಿಡಿತ ನೆಲೆಯೂರಿದ್ದು ಆಕಸ್ಮಿಕವಲ್ಲ. ನಿಯಮಕ್ಕೆ ಅಪವಾದವೂ ಉಂಟು: ಜಪಾನಿನ ಬಿಲ್ಲು ಆಳಿಗಿಂತ ಎತ್ತರ, ಆದರೂ ಅವರದು ಹೆಬ್ಬೆರಳ ಹಿಡಿತವೇ. ಗಿಡ್ಡ ಬಿಲ್ಲಿಗೆ ಹೆಬ್ಬೆರಳು ಹೆಚ್ಚು ಅನುಕೂಲ. ಉದ್ದ ಬಿಲ್ಲಿಗೆ ಎರಡೂ ಸಾಧ್ಯ ಎಂದರೆ ಹೆಚ್ಚು ಸರಿ. ಅಂತಾರಾಷ್ಟ್ರೀಯ ಬಿಲ್ಲುಗಾರಿಕೆ ಒಕ್ಕೂಟ 1931ರಲ್ಲಿ ಯೂರೋಪಿನಲ್ಲಿ ಹುಟ್ಟಿತು. ಸ್ಪರ್ಧೆಗಳ ಮೂಲಕ ಅಲ್ಲಿಯ ಬೆರಳ ಹಿಡಿತವೇ ಎಲ್ಲೆಡೆ ಹರಡಿತು. ಗಾಲಿಗಳಿರುವ ಇಂದಿನ ಕಾಂಪೌಂಡ್ ಬಿಲ್ಲು ಬಹಳ ಗಿಡ್ಡ. ಅದರ ಹೆದೆಯನ್ನು ಬೆರಳಿನ ಬದಲು ಚಿಕ್ಕ ಯಾಂತ್ರಿಕ ಕೊಕ್ಕೆಯಿಂದ ಎಳೆಯುವುದಕ್ಕೆ ಈ ಕಿರಿದಾದ ಕೋನವೂ ಒಂದು ಕಾರಣ.

ಹೆಬ್ಬೆರಳಿನ ಬೆಲೆ

ಹೆಬ್ಬೆರಳಿಗೆ ಈ ಅನುಕೂಲ ಪುಕ್ಕಟೆಯಾಗಿ ಸಿಗುವುದಿಲ್ಲ. ಹೆದೆಯ ದಪ್ಪ 3 ಮಿಲಿಮೀಟರ್, ಬೆರಳಿಗೆ ತಾಗುವ ಉದ್ದ 20 ಮಿಲಿಮೀಟರ್ ಎಂದರೆ ವಿಸ್ತೀರ್ಣ 60 ಚದರ ಮಿಲಿಮೀಟರ್. ಅದರ ಮೇಲೆ 150 ನ್ಯೂಟನ್ ಬಿದ್ದರೆ ಒತ್ತಡ ಚದರ ಮಿಲಿಮೀಟರಿಗೆ 2.5 ನ್ಯೂಟನ್. ಮೂರು ಬೆರಳುಗಳಲ್ಲಿ ಹಂಚಿದಾಗ ಇದು ಸುಮಾರು 0.9 ಮಾತ್ರ. ಚರ್ಮ, ಮಾಂಸ, ನರಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅದಕ್ಕಾಗಿಯೇ ಏಷ್ಯಾದ ಬಿಲ್ಲುಗಾರರು ಕೊಂಬು, ದಂತ, ಲೋಹ ಅಥವಾ ಜೇಡ್ ಶಿಲೆಯ ಅಗಲವಾದ ಹೆಬ್ಬೆರಳುಂಗುರ ತೊಟ್ಟರು. ಉಂಗುರದ ಒಳಮೈ 300 ಚದರ ಮಿಲಿಮೀಟರ್ ಇದ್ದರೆ ಒತ್ತಡ 0.5ಕ್ಕೆ ಇಳಿಯುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ರಾಮಲಕ್ಷ್ಮಣರು ಉಡದ ಚರ್ಮದ ಬೆರಳುಗವಸು ಕಟ್ಟಿಕೊಂಡಿದ್ದ ವರ್ಣನೆಯಿದೆ. ಬೆರಳನ್ನು ಕಾಪಾಡಿಕೊಳ್ಳಬೇಕೆಂಬ ಅರಿವು ನಮ್ಮಲ್ಲಿ ಹಳೆಯದು.

ಹೆಬ್ಬೆರಳಿನ ಇನ್ನೊಂದು ಲಾಭ ವೇಗ. ಬಲಗೈ ಬಿಲ್ಲುಗಾರ ಮೂರು ಬೆರಳಿನಿಂದ ಎಳೆದರೆ, ಬಿಡುವಾಗ ಹೆದೆ ಬೆರಳ ತುದಿಗಳಿಂದ ಎಡಕ್ಕೆ ಜಾರುತ್ತದೆ. ಬಾಣ ಬಿಲ್ಲಿನ ಎಡಬದಿಯಲ್ಲಿದ್ದರೆ ಮೊದಲ ಕ್ಷಣ ಅದು ಬಿಲ್ಲಿಗೆ ಒತ್ತಿಕೊಂಡು, ಬಾಗಿ, ಮರಳಿ ಬಿಲ್ಲನ್ನು ತಪ್ಪಿಸಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದವರ ಕಾಲಕ್ಕೆ ಅತಿವೇಗದ ಛಾಯಾಗ್ರಹಣ ಈ ಬಾಗುವಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಹೆಬ್ಬೆರಳಿನ ಹಿಡಿತದಲ್ಲಿ ಎಲ್ಲವೂ ಅದಲುಬದಲು. ಹೆದೆ ಬಲಕ್ಕೆ ಜಾರುತ್ತದೆ, ಬಾಣವನ್ನು ಬಲಬದಿಯಲ್ಲಿಡುತ್ತಾರೆ. ಬತ್ತಳಿಕೆಯಿಂದ ಬಾಣ ತೆಗೆದ ಬಲಗೈ ಅದೇ ಬದಿಯಲ್ಲಿ ನೇರವಾಗಿ ಬಾಣ ಹೂಡಬಹುದು; ಬಿಲ್ಲನ್ನು ದಾಟಿಸಿ ಎಡಕ್ಕೆ ತರಬೇಕಿಲ್ಲ. ತೋರುಬೆರಳ ಬುಡ ಬಾಣವನ್ನು ಒತ್ತಿ ಹಿಡಿಯುವುದರಿಂದ ಓಡುವ ಕುದುರೆಯ ಮೇಲೂ ಬಾಣ ಬೀಳದು.

ಈಗ ಏಕಲವ್ಯನ ಕಥೆಯನ್ನು ಮತ್ತೆ ನೋಡಿ. ಹೆಬ್ಬೆರಳನ್ನು ಕೊಟ್ಟ ಮೇಲೆ ಅವನು ಬಿಲ್ಲನ್ನೇ ಬಿಟ್ಟ ಎಂದು ಹಲವರು ತಿಳಿದಿದ್ದಾರೆ. ಆದಿಪರ್ವ ಹೇಳುವುದು ಬೇರೆ. ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ. ಮೊದಲಿನ ವೇಗ ಮಾತ್ರ ಇರಲಿಲ್ಲ. ಕಳೆದುಹೋದದ್ದು ಗುರಿ ಎಂದಲ್ಲ, ವೇಗ ಎಂದು ಕವಿ ಹೇಳಿರುವುದು ಗಮನಾರ್ಹ. ಕಥೆ ಇತಿಹಾಸವೇ ಅಲ್ಲವೇ ಎಂಬುದು ಬೇರೆ ಮಾತು. ಎರಡೂ ಹಿಡಿತಗಳನ್ನು ಬಲ್ಲ ಜನರ ನಡುವೆ ಈ ಮಾತು ಹುಟ್ಟಿದೆ ಎನ್ನಲು ಅಡ್ಡಿಯಿಲ್ಲ.

ನಮ್ಮ ನೆಲದಲ್ಲಿ ಎರಡು ಬಗೆಯ ಬಿಲ್ಲುಗಳ ದಾಖಲೆಯೂ ಇದೆ. ಭಾರತದ ಕಾಲಾಳುಗಳ ಬಿಲ್ಲು ಆಳುದ್ದ ಇತ್ತೆಂದು ಗ್ರೀಕ್ ಲೇಖಕ ಆರಿಯನ್ ಬರೆದಿದ್ದಾನೆ. ವಿಜಯನಗರದ ಎರಡನೇ ದೇವರಾಯ (1424–1446) ಬಹಮನಿಗಳೆದುರು ಸೋಲುಂಡ ಬಳಿಕ ನುರಿತ ಮುಸ್ಲಿಂ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡು ತನ್ನವರಿಗೆ ತರಬೇತಿ ಕೊಡಿಸಿದನೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಆ ವಿದ್ಯೆ ಹೆಬ್ಬೆರಳಿನದು.

ಕಣ್ಣು ಮತ್ತು ಬಾಣ

ಮೂರು ಬೆರಳುಗಳನ್ನೂ ಬಾಣದ ಕೆಳಗಿಟ್ಟರೆ ಬಾಣದ ಬುಡ ಒಂದು ಬೆರಳಿನಷ್ಟು, ಅಂದರೆ ಸುಮಾರು 2 ಸೆಂಟಿಮೀಟರ್, ಕಣ್ಣಿನ ಹತ್ತಿರಕ್ಕೆ ಏರುತ್ತದೆ. ಕಣ್ಣಿನಿಂದ ಬಾಣದ ಮೊನೆಗೆ 70 ಸೆಂಟಿಮೀಟರ್ ಎಂದರೆ, 20 ಮೀಟರ್ ದೂರದಲ್ಲಿ ಬಾಣ ನಾಟುವ ಸ್ಥಳ 2000 × 2 ÷ 70 = 57 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹತ್ತಿರದ ಗುರಿಗೆ ಮೊನೆ ನೋಡಿ ಹೊಡೆಯುವವರಿಗೆ ಇದು ಅನುಕೂಲ, ದೂರದ ಗುರಿಗೆ ಅನನುಕೂಲ. ಜೊತೆಗೆ, ಎಳೆತ ಕೆಳಕ್ಕೆ ಸರಿಯುವುದರಿಂದ ಬಿಲ್ಲಿನ ಕೆಳತೋಳಿಗೆ ಹೊರೆ ಹೆಚ್ಚು.

ಆಯ್ಕೆ ಹೇಗೆ?

ಕಲಿಯುವವರು ಮೊದಲು ತಮ್ಮ ಬಿಲ್ಲಿನ ಉದ್ದ ನೋಡಲಿ. ಉದ್ದ ಬಿಲ್ಲು, ದೂರದ ಗುರಿ ಆದರೆ ಮೆಡಿಟರೇನಿಯನ್ ಹಿಡಿತ. ಹತ್ತಿರದ ಗುರಿಗೆ ಮೂರೂ ಬೆರಳು ಕೆಳಗೆ. ಗಿಡ್ಡ ಬಿಲ್ಲಿಗೆ ಉಂಗುರ ತೊಟ್ಟ ಹೆಬ್ಬೆರಳು. ಯಾವುದಾದರೂ ಬೆರಳಿಗೆ ಚರ್ಮದ ಹೊದಿಕೆ ಬೇಕೇ ಬೇಕು. ಬೆರಳು ಜೋಮು ಹಿಡಿದರೆ ನಿಲ್ಲಿಸಿ ಹಗುರ ಬಿಲ್ಲಿಗೆ ಇಳಿಯಬೇಕು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಮರಳಿ ಬಿಲ್ಲು ಮುರಿಯಬಹುದು.

ತರಗತಿಯಲ್ಲಿ ಇದನ್ನು ಬಿಲ್ಲಿಲ್ಲದೆಯೇ ಪರೀಕ್ಷಿಸಬಹುದು. ಒಂದು ಹಗ್ಗದ ಎರಡು ತುದಿಗೆ ಎರಡು ಸ್ಪ್ರಿಂಗ್ ತಕ್ಕಡಿ ಕಟ್ಟಿ ಗೋಡೆಯ ಮೊಳೆಗಳಿಗೆ ಸಿಕ್ಕಿಸಿ. ಮೂರನೆಯ ತಕ್ಕಡಿಯಿಂದ ಹಗ್ಗದ ನಡುವನ್ನು ಎಳೆಯಿರಿ. ಕೋನಮಾಪಕದಿಂದ ಕೋನ ಅಳೆದು ಮೇಲಿನ ಸೂತ್ರ ಸರಿಯೇ ನೋಡಿ. ಬಳಿಕ ಮೊಳೆಗಳ ಅಂತರ ಕಡಿಮೆ ಮಾಡಿ, ಮೂರು ಬೆರಳುಗಳಿಂದ ಎಳೆದು, ಅಮುಕುವಿಕೆ ಹೆಚ್ಚುವುದನ್ನು ಬೆರಳಿನಿಂದಲೇ ತಿಳಿಯಿರಿ.

ಮುಂದಿನ ಸಲ ಹಜಾರರಾಮ ದೇವಾಲಯಕ್ಕೆ ಹೋದಾಗ ಶಿಲ್ಪಗಳನ್ನು ಮುಟ್ಟದೆ, ಸೀಮೆಸುಣ್ಣ ಹಚ್ಚದೆ, ಮೂರು ಸಂಗತಿ ಗುರುತು ಮಾಡಿಕೊಳ್ಳಿ: ಆಳಿನ ಎತ್ತರಕ್ಕೆ ಹೋಲಿಸಿದರೆ ಬಿಲ್ಲು ಎಷ್ಟುದ್ದ, ಹೆದೆಯ ಮೇಲೆ ಯಾವ ಬೆರಳು, ಬಾಣ ಬಿಲ್ಲಿನ ಯಾವ ಬದಿ. ಶಿಲ್ಪಿ ಬಿಲ್ಲುಗಾರನಾಗಿರಬೇಕಿಲ್ಲ, ಆದ್ದರಿಂದ ಒಂದು ಶಿಲ್ಪದಿಂದ ತೀರ್ಮಾನಕ್ಕೆ ಬರಬೇಡಿ. ಕಂಡಷ್ಟನ್ನೂ ಎಣಿಸಿ ಪಟ್ಟಿ ಮಾಡಿ. ಉದ್ದ ಬಿಲ್ಲಿಗೂ ಗಿಡ್ಡ ಬಿಲ್ಲಿಗೂ ಕೈಯ ಹಿಡಿತ ಬೇರೆಯಾಗಿದೆಯೇ ಎಂಬುದನ್ನು ಆ ಪಟ್ಟಿಯೇ ಹೇಳಲಿ.